ಬಯೋಡೇಟಾದಲ್ಲಿ ಕಾಲಂ ಇಲ್ಲದ ಕೆಲಸ

“ಮಾನ್ಯರೇ, ಈ ಮೂಲಕ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ನಾನು ಬಿ.ಕಾಂ. ಪದವೀಧರಳಾಗಿದ್ದು, ತಮ್ಮ ಸಂಸ್ಥೆಯಲ್ಲಿ ಖಾಲಿ ಇರುವ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ನಮ್ಮದು ಬಡ ಕುಟುಂಬವಾಗಿರುತ್ತದೆ. ತಾವು ದಯಮಾಡಿ ಈ ಹುದ್ದೆಯನ್ನು ನೀಡಿದಲ್ಲಿ ಪ್ರಾಮಾಣಿಕವಾಗಿ ಕೆಲಸ ಮಾಡುತ್ತೇನೆಂದು ಭರವಸೆ ನೀಡುತ್ತೇನೆ.”

ಇಂಥ ಪತ್ರವನ್ನು ನಮ್ಮಲ್ಲಿ ಬಹಳ ಮಂದಿ ಒಂದಲ್ಲ ಒಂದು ಸಲ ಬರೆದಿದ್ದೇವೆ. ಹೈಸ್ಕೂಲಿನ ಪತ್ರಲೇಖನದಲ್ಲಿ ಕಲಿತ ಧಾಟಿ ಇದು. ವ್ಯಾಕರಣದ ತಪ್ಪಿಲ್ಲ, ಮರ್ಯಾದೆಗೂ ಕೊರತೆಯಿಲ್ಲ. ಆದರೆ ಕೆಳಗಿನ ಸಹಿ ಅಳಿಸಿ ಬೇರೆ ಯಾರ ಹೆಸರು ಹಾಕಿದರೂ ಪತ್ರ ಹಾಗೇ ನಿಲ್ಲುತ್ತದೆ. ಬರೆದವಳು ಯಾರು, ಅವಳಿಗೆ ಏನು ಬರುತ್ತದೆ ಎಂಬುದು ಓದಿದವರಿಗೆ ಗೊತ್ತಾಗುವುದೇ ಇಲ್ಲ. ಒಂದು ಹುದ್ದೆಗೆ ಐವತ್ತು ಅರ್ಜಿ ಬಂದರೆ, ಅದರಲ್ಲಿ ನಲವತ್ತು ಹೀಗೇ ಇದ್ದರೆ, ಓದುವವರು ಯಾವುದನ್ನು ತೆಗೆದಿಟ್ಟುಕೊಳ್ಳಬೇಕು?

ಬಯೋಡೇಟಾದ ಜೊತೆ ಇಡುವ ಈ ಒಂದು ಪುಟಕ್ಕೆ ಕವರಿಂಗ್ ಲೆಟರ್ ಎನ್ನುತ್ತೇವೆ. ಸಂಸೆ, ಕಳಸ, ಹೊರನಾಡು, ಮೂಡಿಗೆರೆ ಕಡೆಯ ಹುಡುಗ ಹುಡುಗಿಯರಿಗೆ ಈ ಪುಟ ಬೇರೆಯವರಿಗಿಂತ ಹೆಚ್ಚು ಮುಖ್ಯ ಎಂಬುದು ನನ್ನ ನಂಬಿಕೆ.

ಇಲ್ಲಿ ಏಕೆ ಹೆಚ್ಚು ಮುಖ್ಯ

ಕುದುರೆಮುಖದಿಂದ ಕಳಸಕ್ಕೆ ಬರುವ ದಾರಿಯಲ್ಲಿ, ಟೀ ತೋಟದ ಹಸಿರು ಕಾಣುವಲ್ಲಿ ಸಂಸೆ ಇದೆ. ಒಂದು ಕಾಲಕ್ಕೆ ಈ ಭಾಗದಲ್ಲಿ ಕೆಲಸ ಎಂದರೆ ಎಲ್ಲರ ಕಣ್ಣೂ ಕುದುರೆಮುಖದ ಕಡೆಗೇ. 1976ರಲ್ಲಿ ಶುರುವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿ 2005ರ ಕೊನೆಗೆ ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಅಲ್ಲಿಂದೀಚೆಗೆ ಹತ್ತಿರದಲ್ಲಿ ಸಿಗುವ ಕೆಲಸಗಳೆಲ್ಲ ಸಣ್ಣ ಸಣ್ಣವು, ಚದುರಿಹೋದವು. ಎಸ್ಟೇಟಿನ ರೈಟರ್, ಹೋಂಸ್ಟೇ ಮ್ಯಾನೇಜರ್, ಸಹಕಾರ ಸಂಘದ ಗುಮಾಸ್ತೆ, ಖಾಸಗಿ ಶಾಲೆಯ ಟೀಚರ್, ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್, ಗೊಬ್ಬರ–ಔಷಧಿ ಕಂಪನಿಯ ಫೀಲ್ಡ್ ಆಫೀಸರ್. ಅದೂ ಬೇಡವೆಂದರೆ ಮಂಗಳೂರು, ಬೆಂಗಳೂರು.

ಇಂಥ ಕೆಲಸಗಳಲ್ಲಿ ಅರ್ಜಿ ಓದುವವರು ಎರಡು ಬಗೆ. ಹತ್ತಿರದ ತೋಟದಲ್ಲಾದರೆ ಧಣಿಗಳೇ ಓದುತ್ತಾರೆ. ಅವರಿಗೆ ನಿಮ್ಮ ಅಪ್ಪ, ಅಜ್ಜ, ಮನೆ ಎಲ್ಲ ಗೊತ್ತು. ಗೊತ್ತಿಲ್ಲದ್ದು ನಿಮಗೆ ಏನು ಬರುತ್ತದೆ ಎಂಬುದು. ಬೆಂಗಳೂರಿನ ಕಂಪನಿಯಲ್ಲಿ ಓದುವವರು ಎಚ್.ಆರ್. ವಿಭಾಗದವರು. ಸಂಸೆ ಎಂಬ ಹೆಸರನ್ನು ಅವರು ಕೇಳಿರುವುದಿಲ್ಲ, ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲ್ ಎಂದರೇನು ಎಂದೂ ಅವರಿಗೆ ತಿಳಿಯದು. ಮೊದಲನೆಯವರಿಗೆ ನಿಮ್ಮ ಕೆಲಸ ತೋರಿಸಬೇಕು. ಎರಡನೆಯವರಿಗೆ ಕೆಲಸ ತೋರಿಸಿ, ಅದನ್ನು ಬಿಡಿಸಿಯೂ ಹೇಳಬೇಕು. ಒಂದೇ ಪತ್ರದ ಹತ್ತು ಜೆರಾಕ್ಸ್ ಪ್ರತಿಯಿಂದ ಇಬ್ಬರನ್ನೂ ಮುಟ್ಟಲಾಗದು.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. “ಅನುಭವ” ಎಂಬ ಕಾಲಂ ಬಂದ ಕೂಡಲೇ ನಮ್ಮ ಮಕ್ಕಳು “ಇಲ್ಲ” ಎಂದು ಬರೆದುಬಿಡುತ್ತಾರೆ. ಕಾಫಿ ಕುಯ್ಲಿನ ಕಾಲದಲ್ಲಿ ಸಂಜೆ ಹೊತ್ತು ಹಣ್ಣಿನ ತೂಕ ಹಾಕಿ ಆಳುಗಳ ಲೆಕ್ಕ ಬರೆದವಳು “ಇಲ್ಲ” ಎನ್ನುತ್ತಾಳೆ. ಮುಳ್ಳೋಡಿಗೆ ಹೋಗುವ ಚಾರಣಿಗರಿಗೆ ಜೀಪು, ಊಟ, ಹಾಸಿಗೆ ಹೊಂದಿಸುತ್ತ ಮೂರು ಭಾಷೆ ಮಾತಾಡುವವನೂ “ಇಲ್ಲ” ಎನ್ನುತ್ತಾನೆ. ಸ್ವಸಹಾಯ ಸಂಘದ ಉಳಿತಾಯದ ಪುಸ್ತಕವನ್ನು ಅಮ್ಮನ ಪರವಾಗಿ ನಾಲ್ಕು ವರ್ಷ ಬರೆದ ಹುಡುಗಿಯ ಉತ್ತರವೂ ಅದೇ. ನೇಮಕಪತ್ರ ಕೊಟ್ಟು, ಸಂಬಳದ ಚೀಟಿ ಕೊಟ್ಟು ಮಾಡಿಸಿದ್ದು ಮಾತ್ರ ಕೆಲಸ ಎಂದು ನಾವು ತಿಳಿದಿದ್ದೇವೆ. ಮನೆಯ, ತೋಟದ, ಊರಿನ ಕೆಲಸಕ್ಕೆ ಬಯೋಡೇಟಾದಲ್ಲಿ ಕಾಲಂ ಇಲ್ಲ. ಅದನ್ನು ಹೇಳಲು ಇರುವ ಜಾಗ ಕವರಿಂಗ್ ಲೆಟರ್.

ಒಂದು ಹಳೆಯ ಅರ್ಜಿಯಿಂದ ಕಲಿಯುವುದು

1912ರ ಫೆಬ್ರುವರಿ 9ರಂದು ಮದರಾಸಿನ ಟ್ರಿಪ್ಲಿಕೇನಿನಿಂದ ಒಬ್ಬ ಯುವಕ ಅಲ್ಲಿನ ಪೋರ್ಟ್ ಟ್ರಸ್ಟ್‌ನ ಮುಖ್ಯ ಲೆಕ್ಕಾಧಿಕಾರಿಗೆ ಗುಮಾಸ್ತೆ ಕೆಲಸ ಕೇಳಿ ಅರ್ಜಿ ಬರೆದ. ಮೆಟ್ರಿಕ್ಯುಲೇಶನ್ ಆಗಿತ್ತು. ಅದರ ಮುಂದಿನ ಎಫ್.ಎ. ಪರೀಕ್ಷೆಯಲ್ಲಿ ಫೇಲಾಗಿ ಓದು ನಿಂತಿತ್ತು. ಆತನೇ ಮುಂದೆ ಜಗತ್ತು ಕೊಂಡಾಡಿದ ಗಣಿತಜ್ಞ ಶ್ರೀನಿವಾಸ ರಾಮಾನುಜನ್.

ಆ ಅರ್ಜಿ ಬಹಳ ಚಿಕ್ಕದು. ಕಚೇರಿಯಲ್ಲಿ ಗುಮಾಸ್ತೆ ಹುದ್ದೆ ಖಾಲಿ ಇದೆಯೆಂದು ತಿಳಿದು ಬರೆಯುತ್ತಿದ್ದೇನೆ ಎಂಬುದು ಮೊದಲ ಮಾತು. ಮೆಟ್ರಿಕ್ಯುಲೇಶನ್ ಪಾಸಾಗಿ ಎಫ್.ಎ. ವರೆಗೆ ಓದಿದ್ದು, ಕೆಲವು ಅಡಚಣೆಗಳಿಂದ ಓದು ಮುಂದುವರಿಯದೆ ಹೋದದ್ದು ಎರಡನೆಯದು. ಅಡಚಣೆ ಏನೆಂಬ ಕಥೆ ಇಲ್ಲ. ಆ ದಿನಗಳಲ್ಲಿ ತನ್ನ ಸಮಯವನ್ನೆಲ್ಲ ಗಣಿತಕ್ಕೆ ಕೊಟ್ಟಿದ್ದೇನೆ ಎಂಬುದು ಮೂರನೆಯದು. ಈ ಕೆಲಸಕ್ಕೆ ನ್ಯಾಯ ಒದಗಿಸಬಲ್ಲೆ ಎಂಬ ನಂಬಿಕೆ ಕೊನೆಯದು. ಜೊತೆಯಲ್ಲಿ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಮಿಡಲ್‌ಮಾಸ್ಟ್ ಅವರ ಶಿಫಾರಸು ಇತ್ತು. ಅವರು ಬರಿದೇ “ಒಳ್ಳೆಯ ಹುಡುಗ” ಎಂದಿರಲಿಲ್ಲ. ಲೆಕ್ಕ ಮಾಡುವುದರಲ್ಲಿ ಈತ ಬಲು ಚುರುಕು ಎಂದಿದ್ದರು. ಲೆಕ್ಕಪತ್ರ ವಿಭಾಗಕ್ಕೆ ಬೇಕಿದ್ದ ಮಾತೇ ಅದು. ಮಾರ್ಚ್ 1ರಂದು ರಾಮಾನುಜನ್ ತಿಂಗಳಿಗೆ 30 ರೂಪಾಯಿ ಸಂಬಳದ ಕೆಲಸಕ್ಕೆ ಸೇರಿದರು.

ಈ ಅರ್ಜಿಯ ಪಾಠ ಇದು: ಓದು ನಿಂತದ್ದನ್ನು ಮುಚ್ಚಿಡಬೇಕಾಗಿಲ್ಲ, ಅದಕ್ಕಾಗಿ ಪುಟಗಟ್ಟಲೆ ಅಳಬೇಕಾಗಿಯೂ ಇಲ್ಲ. ಒಂದು ವಾಕ್ಯದಲ್ಲಿ ಹೇಳಿ, ಮುಂದಿನ ವಾಕ್ಯದಲ್ಲಿ ಆ ಸಮಯದಲ್ಲಿ ಮಾಡಿದ್ದೇನು ಎಂದು ಬರೆಯಿರಿ. ಅಜ್ಜಿಯ ಆರೈಕೆಗೆ ಎರಡು ವರ್ಷ ಮನೆಯಲ್ಲಿದ್ದರೆ ಹಾಗೆಂದೇ ಬರೆಯಿರಿ. ಅದು ನಾಚಿಕೆಪಡುವ ವಿಷಯವಲ್ಲ.

ಇನ್ನೊಂದು ಪತ್ರ ನಮ್ಮದೇ ನಾಡಿನದು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಸುಧಾ ಅವರು, ಮುಂದೆ ಸುಧಾ ಮೂರ್ತಿ ಆದವರು, ಟಾಟಾ ಸಮೂಹದ ಟೆಲ್ಕೊ ಕಂಪನಿಯ ಜಾಹೀರಾತು ನೋಡಿದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದು ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಒಂದು ಪೋಸ್ಟ್‌ಕಾರ್ಡ್ ಬರೆದು ಇದು ಸರಿಯೇ ಎಂದು ಕೇಳಿದರು. ಪುಣೆಗೆ ಸಂದರ್ಶನಕ್ಕೆ ಬನ್ನಿ ಎಂದು ಟೆಲಿಗ್ರಾಂ ಬಂತು, ಕೆಲಸವೂ ಸಿಕ್ಕಿತು. ಹೇಳಬೇಕಾದ ಒಂದೇ ಮಾತನ್ನು ತೀರ್ಮಾನ ತೆಗೆದುಕೊಳ್ಳಬಲ್ಲವರಿಗೆ ನೇರ ಹೇಳಿದರೆ ಪೋಸ್ಟ್‌ಕಾರ್ಡೂ ಸಾಕು.

ಬರೆಯುವ ಮೊದಲು

ಮೊದಲು ಜಾಹೀರಾತನ್ನು ಎರಡು ಸಲ ಓದಿ. ಅದರಲ್ಲಿ ಕೇಳಿರುವ ಕೆಲಸಗಳಿಗೆ ಪೆನ್ಸಿಲಿನಿಂದ ಗೆರೆ ಹಾಕಿ. “ಟ್ಯಾಲಿ ಗೊತ್ತಿರಬೇಕು, ಕಾರ್ಮಿಕರ ಹಾಜರಿ ನೋಡಿಕೊಳ್ಳಬೇಕು, ಹಿಂದಿ ಬಂದರೆ ಒಳ್ಳೆಯದು” ಎಂದಿದ್ದರೆ ಮೂರು ಗೆರೆ. ಒಂದು ಹಾಳೆಯ ಎಡಗಡೆ ಆ ಮೂರನ್ನೂ ಬರೆದು, ಬಲಗಡೆ ಪ್ರತಿಯೊಂದರ ಎದುರು ನೀವು ನಿಜವಾಗಿ ಮಾಡಿದ ಒಂದೊಂದು ಕೆಲಸ ಬರೆಯಿರಿ. ಬಲಗಡೆಯ ಸಾಲುಗಳೇ ನಿಮ್ಮ ಪತ್ರ.

ಬಲಗಡೆ ಖಾಲಿ ಉಳಿಯುತ್ತದೆ ಎಂದು ಹೆದರಬೇಡಿ. ನಮ್ಮೂರ ಕೆಲಸವನ್ನು ಆಫೀಸಿನ ಮಾತಿಗೆ ತಂದರೆ ಸಾಕು:

ಚೆಕ್‌ರೋಲ್ ಬರೆದದ್ದು ಎಂದರೆ ಕಾರ್ಮಿಕರ ದಿನದ ಹಾಜರಿ ಮತ್ತು ವಾರದ ಸಂಬಳದ ಲೆಕ್ಕ.

ಸಂಜೆ ಹಣ್ಣಿನ ತೂಕ ಹಾಕಿದ್ದು ಎಂದರೆ ಕಿಲೋ ಲೆಕ್ಕದ ಕೂಲಿಯನ್ನು ತಪ್ಪಿಲ್ಲದೆ, ಜಗಳವಿಲ್ಲದೆ ತೀರಿಸಿದ್ದು.

ಕಣದಲ್ಲಿ ಕಾಫಿ ಒಣಗಿಸಿದ್ದು ಎಂದರೆ ದಾಸ್ತಾನು, ತೇವಾಂಶ, ಮೂಟೆಗಳ ಲೆಕ್ಕ ನೋಡಿಕೊಂಡದ್ದು.

ಅಸ್ಸಾಂ ಕಡೆಯಿಂದ ಕುಯ್ಲಿಗೆ ಬಂದವರ ಜೊತೆ ಮಾತಾಡಿ ಕೆಲಸ ಮಾಡಿಸಿದ್ದು ಎಂದರೆ ಹಿಂದಿಯಲ್ಲಿ ವ್ಯವಹರಿಸಬಲ್ಲೆ ಎಂಬುದಕ್ಕೆ ಸಾಕ್ಷಿ.

ಹೋಂಸ್ಟೇಯಲ್ಲಿ ಶನಿವಾರ–ಭಾನುವಾರ ನಿಂತದ್ದು ಎಂದರೆ ಬುಕಿಂಗ್, ಅತಿಥಿಗಳ ಉಪಚಾರ, ಬಿಲ್ಲು, ಕೊನೆಗೆ ಅವರ ದೂರು ಕೇಳಿ ಸರಿಪಡಿಸಿದ್ದು.

ಇದರಲ್ಲಿ ಒಂದೂ ಬಣ್ಣ ಹಚ್ಚಿದ ಮಾತಲ್ಲ. ಮಾಡದೇ ಇದ್ದದ್ದನ್ನು ಬರೆಯಬೇಡಿ. ಸಂದರ್ಶನದ ಎರಡನೇ ಪ್ರಶ್ನೆಗೇ ಅದು ಗೊತ್ತಾಗುತ್ತದೆ. ನಮ್ಮಂಥ ಸಣ್ಣ ಊರಿನಲ್ಲಿ ಒಂದು ಫೋನ್ ಮಾಡಿದರೂ ಸಾಕು.

ಒಂದು ಮಾದರಿ

ಚಿಕ್ಕಮಗಳೂರಿನ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಲೆಕ್ಕಪತ್ರ ಸಹಾಯಕರ ಕೆಲಸ ಇದೆ ಎಂದುಕೊಳ್ಳೋಣ. ಮೊದಲ ಸಾಲುಗಳಲ್ಲಿ ಕಂಡ ಬಿ.ಕಾಂ. ಹುಡುಗಿಯೇ ಈಗ ಹೀಗೆ ಬರೆಯುತ್ತಾಳೆ:

“ವಿಷಯ: ಲೆಕ್ಕಪತ್ರ ಸಹಾಯಕರ ಹುದ್ದೆಗೆ ಅರ್ಜಿ

ಮಾನ್ಯರೇ,

ತಮ್ಮ ಸಂಸ್ಥೆಗೆ ಲೆಕ್ಕಪತ್ರ ಸಹಾಯಕರು ಬೇಕಾಗಿದ್ದಾರೆ ಎಂಬ ಪ್ರಕಟಣೆಯನ್ನು ಭಾನುವಾರದ ಪತ್ರಿಕೆಯಲ್ಲಿ ನೋಡಿದೆ. ಆ ಹುದ್ದೆಗೆ ಅರ್ಜಿ ಸಲ್ಲಿಸುತ್ತಿದ್ದೇನೆ. ಕಳೆದ ಎರಡು ಕುಯ್ಲಿನಲ್ಲಿ ಸಂಸೆಯ 40 ಎಕರೆ ಕಾಫಿ ತೋಟವೊಂದರಲ್ಲಿ ದಿನಕ್ಕೆ 30ರಿಂದ 35 ಆಳುಗಳ ಹಾಜರಿ, ಹಣ್ಣಿನ ತೂಕ ಮತ್ತು ವಾರದ ಬಟವಾಡೆಯ ಲೆಕ್ಕ ಬರೆದಿದ್ದೇನೆ.

ಮೊದಲ ವರ್ಷ ಪುಸ್ತಕದಲ್ಲಿ ಬರೆಯುತ್ತಿದ್ದೆ. ಎರಡನೇ ವರ್ಷ ಅದನ್ನೇ ಕಂಪ್ಯೂಟರಿನ ಎಕ್ಸೆಲ್‌ಗೆ ತಂದೆ. ಬಟವಾಡೆಗೆ ಮೊದಲು ಅರ್ಧ ದಿನ ಹಿಡಿಯುತ್ತಿದ್ದ ಲೆಕ್ಕ ಈಗ ಒಂದು ಗಂಟೆಯಲ್ಲಿ ಮುಗಿಯುತ್ತಿದೆ. ತೋಟದಿಂದ ಕ್ಯೂರಿಂಗ್‌ಗೆ ಹೋಗುವ ಪಾರ್ಚ್‌ಮೆಂಟ್ ಮತ್ತು ಚೆರ್ರಿ ಮೂಟೆಗಳ ಲೆಕ್ಕ ನನಗೆ ಪರಿಚಿತ.

ಬಿ.ಕಾಂ. ಮುಗಿದ ಮೇಲೆ ಅಜ್ಜಿಯ ಆರೈಕೆಗಾಗಿ ಎರಡು ವರ್ಷ ಊರಿನಲ್ಲೇ ಇದ್ದೆ. ಆ ಅವಧಿಯಲ್ಲಿ ಟ್ಯಾಲಿ ಕಲಿತೆ. ಈಗ ಚಿಕ್ಕಮಗಳೂರಿನಲ್ಲಿ ಉಳಿದು ಕೆಲಸ ಮಾಡಲು ಸಿದ್ಧಳಿದ್ದೇನೆ.

ಬಯೋಡೇಟಾ ಜೊತೆಯಲ್ಲಿದೆ. ಭೇಟಿಗೆ ಕರೆದರೆ ನಾನು ಬರೆದ ಲೆಕ್ಕದ ಪುಸ್ತಕವನ್ನು ತೋಟದ ಮಾಲೀಕರ ಒಪ್ಪಿಗೆ ಪಡೆದು ತರುತ್ತೇನೆ.

ತಮ್ಮ ವಿಶ್ವಾಸಿ,
(ಹೆಸರು, ಊರು, ಮೊಬೈಲ್ ನಂಬರ್)”

ಈ ಪತ್ರದ ಸಹಿ ಬದಲಿಸಿ ಬೇರೆಯವರ ಹೆಸರು ಹಾಕಲಾಗದು. ಎಕರೆ ಎಷ್ಟು, ಆಳು ಎಷ್ಟು, ಎಷ್ಟು ಹೊತ್ತು ಉಳಿಯಿತು ಎಂದು ಅಂಕಿ ಮಾತಾಡುತ್ತದೆ. “ಪ್ರಾಮಾಣಿಕವಾಗಿ ದುಡಿಯುತ್ತೇನೆ” ಎಂಬ ಮಾತೇ ಇಲ್ಲ. ಆದರೂ ಎರಡು ಕುಯ್ಲಿನ ಬಟವಾಡೆಯನ್ನು ಇವಳ ಕೈಗೆ ಒಪ್ಪಿಸಿದ್ದರು ಎಂದಮೇಲೆ ಪ್ರಾಮಾಣಿಕತೆ ತಾನಾಗಿ ಗೊತ್ತಾಗುತ್ತದೆ. ಚಿಕ್ಕಮಗಳೂರಿನಲ್ಲಿ ಉಳಿಯಲು ಸಿದ್ಧ ಎಂಬ ಒಂದು ಸಾಲು, ಘಟ್ಟದ ಊರಿನಿಂದ ದಿನವೂ ಹೇಗೆ ಬಂದಾಳು ಎಂಬ ಪ್ರಶ್ನೆಗೆ ಕೇಳುವ ಮೊದಲೇ ಉತ್ತರ ಕೊಡುತ್ತದೆ.

ಇದನ್ನೇ ನಕಲು ಮಾಡಬೇಡಿ. ಇದರ ಕ್ರಮ ಇಟ್ಟುಕೊಳ್ಳಿ: ಯಾವ ಹುದ್ದೆ, ಎಲ್ಲಿ ತಿಳಿಯಿತು, ಆ ಹುದ್ದೆಗೆ ಹೊಂದುವ ಕೆಲಸ ಯಾವುದು ಮಾಡಿದ್ದೀರಿ, ಅದರಿಂದ ಏನಾಯಿತು, ಓದುವವರಿಗೆ ಬರಬಹುದಾದ ಅನುಮಾನಕ್ಕೆ ಉತ್ತರ, ಮುಂದೇನು. ಆರೂ ಸೇರಿ ಒಂದೇ ಪುಟ, ಅದೂ ಪೂರ್ತಿ ತುಂಬಬೇಕಾಗಿಲ್ಲ.

ಬಿಡಬೇಕಾದ ಮಾತುಗಳು

ಬಡತನದ ಮಾತು ಬಿಡಿ. ಬಡತನ ಅವಮಾನವೆಂದು ಹೀಗೆ ಹೇಳುತ್ತಿಲ್ಲ. ಆ ಮಾತು ಬಂದ ಕೂಡಲೇ ಓದುವವರ ಮುಂದೆ ನೀವು ಸಹಾಯ ಕೇಳುವವರಾಗುತ್ತೀರಿ. ಕೆಲಸಕ್ಕೆ ಜನ ಬೇಕು ಎಂದು ಪ್ರಕಟಣೆ ಕೊಟ್ಟವರು ಅವರು. ಅವರಿಗೂ ನಿಮ್ಮಿಂದ ಆಗಬೇಕಾದದ್ದಿದೆ.

ಹೊಗಳಿಕೆ ಬಿಡಿ. “ತಮ್ಮ ಪ್ರತಿಷ್ಠಿತ ಸಂಸ್ಥೆ” ಎಂದು ಎಲ್ಲರೂ ಬರೆಯುತ್ತಾರೆ. ಆ ಸಂಸ್ಥೆಯ ಬಗ್ಗೆ ನಿಜವಾಗಿ ಗೊತ್ತಿರುವ ಒಂದು ಸಂಗತಿ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ.

ಅತಿ ಸಂಕೋಚವನ್ನೂ ಬಿಡಿ. ತುಂಬಿದ ಕೊಡ ತುಳುಕುವುದಿಲ್ಲ ಎಂದು ಕೇಳಿ ಬೆಳೆದವರು ನಾವು. ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಜಂಭ ಎಂದು ಅಂಜುತ್ತೇವೆ. “ನಾನು ತುಂಬ ಬುದ್ಧಿವಂತೆ” ಎನ್ನುವುದು ಜಂಭವಿರಬಹುದು. “ಮೂವತ್ತೈದು ಆಳುಗಳ ಲೆಕ್ಕ ಬರೆದಿದ್ದೇನೆ” ಎನ್ನುವುದು ಇದ್ದ ವಿಷಯ ಹೇಳಿದಂತೆ ಅಷ್ಟೇ.

ಎರವಲು ಇಂಗ್ಲಿಷ್ ಬೇಡ. ಜಾಹೀರಾತು ಕನ್ನಡದಲ್ಲಿದ್ದರೆ ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷಿನಲ್ಲಿದ್ದರೆ ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ತನ್ನಿ, ಇಂಗ್ಲಿಷ್ ಮೇಷ್ಟ್ರೊಬ್ಬರಿಗೆ ತೋರಿಸಿ. ಈಗ ಮೊಬೈಲಿನಲ್ಲೇ ಪತ್ರ ಬರೆದುಕೊಡುವ ಆಪ್‌ಗಳಿವೆ. ಕಾಗುಣಿತ ತಿದ್ದಲು ಅವನ್ನು ಬಳಸಿ. ಇಡೀ ಪತ್ರವನ್ನೇ ಬರೆಸಿದರೆ ಮತ್ತೆ ಯಾರ ಸಹಿ ಹಾಕಿದರೂ ನಡೆಯುವ ಪತ್ರವೇ ಸಿಗುತ್ತದೆ. ಸಂಸೆಯ ತೋಟದಲ್ಲಿ ನೀವು ಮಾಡಿದ್ದೇನು ಎಂಬುದು ಯಾವ ಆಪ್‌ಗೂ ಗೊತ್ತಿಲ್ಲ.

ಕಳುಹಿಸುವಾಗ

ಕನ್ನಡವನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿಸಿ. ಹಳೆಯ ನುಡಿ ಫಾಂಟ್‌ನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಮುಗಿದ ಮೇಲೆ ಪಿ.ಡಿ.ಎಫ್. ಮಾಡಿ. ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರು ಮತ್ತು ಹುದ್ದೆ ಎರಡೂ ಇರಲಿ. ಇ–ಮೇಲಿನ ವಿಷಯದ ಜಾಗವನ್ನು ಖಾಲಿ ಬಿಡಬೇಡಿ.

ಕೊನೆಯ ದಿನದವರೆಗೆ ಕಾಯಬೇಡಿ. ಮಳೆಗಾಲದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವುದು, ನೆಟ್‌ವರ್ಕ್‌ಗಾಗಿ ಗುಡ್ಡ ಹತ್ತುವುದು ನಮಗೆ ಹೊಸದಲ್ಲ. ಕೊನೆಯ ದಿನಕ್ಕೆ ಮೂರು ದಿನ ಮೊದಲೇ ಕಳುಹಿಸಿಬಿಡಿ. ಮನೆಯಲ್ಲಿ ಸಿಗ್ನಲ್ ಸಿಗದಿದ್ದರೆ ಪತ್ರದಲ್ಲೇ ಇನ್ನೊಂದು ನಂಬರ್ ಕೊಟ್ಟು, ಯಾವ ಹೊತ್ತಿಗೆ ಸಿಗುತ್ತೀರಿ ಎಂದು ಬರೆಯಿರಿ. ಕರೆ ತಾಗಲಿಲ್ಲ ಎಂದು ಮುಂದಿನ ಹೆಸರಿಗೆ ಹೋಗುವವರೇ ಹೆಚ್ಚು.

ತೋಟದ ಕೆಲಸಕ್ಕಾದರೆ ಕಾಲವನ್ನೂ ನೋಡಬೇಕು. ಅರೇಬಿಕಾ ಕುಯ್ಲು ನವೆಂಬರಿನ ಹೊತ್ತಿಗೆ ಶುರು, ರೊಬಸ್ಟಾ ಅದರ ನಂತರ. ಲೆಕ್ಕಕ್ಕೆ ಜನ ಬೇಕೆಂದು ತೋಟದವರು ಯೋಚಿಸುವುದು ಅದಕ್ಕೂ ಮೊದಲು. ಜಾಹೀರಾತಿಗೆ ಕಾಯದೆ ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಒಂದು ಪತ್ರ ತಲುಪಿಸಿ.

ಶಿಫಾರಸಿಗೆ ಯಾರದಾದರೂ ಹೆಸರು ಕೊಡುವುದಾದರೆ ಅವರನ್ನು ಮೊದಲೇ ಕೇಳಿ, ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೀರಿ ಎಂದೂ ತಿಳಿಸಿ. ಮಿಡಲ್‌ಮಾಸ್ಟ್ ಅವರಂತೆ ಆ ಕೆಲಸಕ್ಕೆ ತಕ್ಕ ಮಾತು ಅವರ ಬಾಯಲ್ಲೂ ಬಂದೀತು. ಕಳುಹಿಸಿ ಒಂದು ವಾರವಾದ ಮೇಲೆ ಒಮ್ಮೆ ಫೋನ್ ಮಾಡಿ ಅರ್ಜಿ ತಲುಪಿತೇ ಎಂದು ಕೇಳಿ. ಒಮ್ಮೆ ಕೇಳುವುದು ಆಸಕ್ತಿ, ದಿನವೂ ಕೇಳಿದರೆ ಕಿರಿಕಿರಿ.

ಸರ್ಕಾರಿ ನೇಮಕಾತಿಯ ದಾರಿ ಬೇರೆ. ಕರ್ನಾಟಕ ಲೋಕಸೇವಾ ಆಯೋಗದಂಥವರು ಆನ್‌ಲೈನ್ ನಮೂನೆಯಲ್ಲಿ ಕೇಳಿದ್ದನ್ನಷ್ಟೇ ನೋಡುತ್ತಾರೆ. ಅಲ್ಲಿ ನಮೂನೆ ತಪ್ಪಿಲ್ಲದೆ ತುಂಬುವುದೇ ಮುಖ್ಯ, ಕವರಿಂಗ್ ಲೆಟರ್‌ಗೆ ಜಾಗವಿಲ್ಲ.

ಒಂದು ಎಚ್ಚರಿಕೆ. ಆಧಾರ್ ನಂಬರ್, ಬ್ಯಾಂಕ್ ಖಾತೆ, ಒ.ಟಿ.ಪಿ. ಯಾವುದೂ ಅರ್ಜಿ ಪತ್ರದಲ್ಲಿ ಬೇಕಾಗಿಲ್ಲ. ಕೆಲಸ ಕೊಡುತ್ತೇವೆ, ಮೊದಲು ಹಣ ಕಟ್ಟಿ ಎನ್ನುವವರನ್ನು ನಂಬಬೇಡಿ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹಿರಿಯರಿಗೂ ಒಂದು ಮಾತು

ತೋಟದ ಮಾಲೀಕರು, ಹೋಂಸ್ಟೇ ನಡೆಸುವವರು, ಸಂಘದ ಪದಾಧಿಕಾರಿಗಳು, ಮೇಷ್ಟ್ರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ. ನಿಮ್ಮಲ್ಲಿ ಒಂದು ಕುಯ್ಲು, ಒಂದು ಸೀಸನ್ ಕೆಲಸ ಮಾಡಿದ ಹುಡುಗ ಹುಡುಗಿಯರಿಗೆ ಲೆಟರ್‌ಹೆಡ್‌ನಲ್ಲಿ ನಾಲ್ಕು ಸಾಲು ಬರೆದುಕೊಡಿ: ಯಾವ ತಿಂಗಳಿಂದ ಯಾವ ತಿಂಗಳವರೆಗೆ, ಏನು ಕೆಲಸ, ಹೇಗೆ ಮಾಡಿದರು. ನಿಮಗೆ ಹತ್ತು ನಿಮಿಷದ ಕೆಲಸ. “ಅನುಭವ: ಇಲ್ಲ” ಎಂದು ಬರೆಯುತ್ತಿದ್ದ ಕೈಗೆ ಅದು ದೊಡ್ಡ ಆಸರೆ.

ಕೆಲಸ ಹುಡುಕುತ್ತಿರುವವರು ಜಾಹೀರಾತಿಗೆ ಕಾಯುವುದೂ ಬೇಡ. ಹತ್ತನೇ ತರಗತಿಯಿಂದ ಇವತ್ತಿನವರೆಗೆ ಸಂಬಳಕ್ಕೋ, ಸಂಬಳವಿಲ್ಲದೆಯೋ ನೀವು ಜವಾಬ್ದಾರಿ ಹೊತ್ತು ಮಾಡಿದ ಐದು ಕೆಲಸಗಳನ್ನು ಈ ರಾತ್ರಿಯೇ ಒಂದು ಹಾಳೆಯಲ್ಲಿ ಬರೆದಿಡಿ. ಎಷ್ಟು ದಿನ, ಎಷ್ಟು ಜನ, ಎಷ್ಟು ಮೂಟೆ ಎಂದು ಪಕ್ಕದಲ್ಲೇ ಅಂಕಿ ಹಾಕಿ. ಬರೆದದ್ದನ್ನು ಮನೆಯವರ ಮುಂದೆ ಗಟ್ಟಿಯಾಗಿ ಓದಿ. ನೀವು ಮರೆತ ಆರನೆಯದನ್ನು ಅಮ್ಮನೇ ನೆನಪಿಸುತ್ತಾರೆ. ಆ ಹಾಳೆಯನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಬರೆಯುವ ಪ್ರತಿ ಅರ್ಜಿಯೂ ಅದರಿಂದಲೇ ಹುಟ್ಟಬೇಕು.